ಜಾಕಿ ಮನೆಯಲ್ಲಿದ್ದ ಎರಡು ವಾರ

ನಮ್ಮನೆಯವರು ನನಗಿಂತ ಅರ್ಧ ಗೇಣು ಗಿಡ್ಡ. ಮದುವೆಯಲ್ಲಿ ಫೋಟೋ ತೆಗೆಯುವವನು ಅವರನ್ನು ಮಣೆಯ ಮೇಲೆ ನಿಲ್ಲಿಸಿದ್ದನ್ನು ನನ್ನ ತವರಿನವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ನಗಲಿ. ನಮ್ಮ ಸಂಸಾರ ನಡೆಯುತ್ತಿರುವುದೇ ಆ ಗಿಡ್ಡ ಮೈಯಿಂದ. ಅವರು ಬೆಂಗಳೂರಿನಲ್ಲಿ ರೇಸ್ ಕುದುರೆ ಓಡಿಸುವ ಜಾಕಿ. ಸಾತನೂರಿನ ಹತ್ತಿರದ ಹಳ್ಳಿಯಲ್ಲಿ ನಮಗೊಂದು ಹಿಪ್ಪುನೇರಳೆ ತೋಟವಿದೆ, ಹಸುಗಳಿವೆ, ರೇಷ್ಮೆ ಹುಳ ಸಾಕುವ ಮನೆಯಿದೆ. ಅದನ್ನೆಲ್ಲ ನಾನು, ಅತ್ತೆ, ಮಾವ ನೋಡಿಕೊಳ್ಳುತ್ತೇವೆ. ಅವರು ರೇಸ್ ಇಲ್ಲದ ದಿನ ಬಸ್ಸು ಹತ್ತಿ ಬರುತ್ತಾರೆ, ಅತ್ತೆ ಇಟ್ಟ ಮುದ್ದೆಯಲ್ಲಿ ಕಾಲುಭಾಗ ಮುರಿದುಕೊಂಡು ಉಳಿದದ್ದನ್ನು ನನ್ನ ತಟ್ಟೆಗೆ ಸರಿಸುತ್ತಾರೆ, ಮಾರನೇ ದಿನ ಹೊರಟುಬಿಡುತ್ತಾರೆ. ತೂಕ ಏರಿದರೆ ಕುದುರೆ ಸಿಗುವುದಿಲ್ಲ. ಅವರ ಪಾಲಿನ ಮುದ್ದೆಯನ್ನೂ ತಿಂದು ನಾನು ದಪ್ಪಗಾದೆ ಎಂದು ನಾನು ಹೇಳುತ್ತೇನೆ, ಅವರು ನಂಬುವುದಿಲ್ಲ.

ಆ ಭಾನುವಾರ ಅವರು ಬಂದಾಗ ಕೈಯಲ್ಲಿ ದೊಡ್ಡ ಬ್ಯಾಗಿತ್ತು. ಒಂದು ದಿನಕ್ಕೆ ಬರುವವರು ಅಷ್ಟು ಬಟ್ಟೆ ತರುವುದಿಲ್ಲ. ನಾನು ನೀರು ಕೊಟ್ಟೆ. ಕುಡಿದು, ಜಗಲಿಯ ಮೇಲೆ ಕೂತು, "ಎರಡು ವಾರ ಕೂರ್ಸವ್ರೆ ಕಣೇ" ಅಂದರು.

ವಿಷಯ ಹೀಗಿತ್ತು. ಹಿಂದಿನ ದಿನ ಅವರು ಒಂದು ರೇಸ್ ಗೆದ್ದಿದ್ದರು. ಕೊನೆಯ ತಿರುವಿನಲ್ಲಿ ಒಳಗಡೆಯ ಬೇಲಿಯ ಪಕ್ಕಕ್ಕೆ ತಮ್ಮ ಕುದುರೆಯನ್ನು ತಿರುಗಿಸಿ, ಅಲ್ಲಿಂದ ಒಂದೇ ಉಸಿರಿಗೆ ಓಡಿಸಿಕೊಂಡು ಹೋಗಿದ್ದರು. ಆದರೆ ಆ ಜಾಗದಲ್ಲಿ ಹಿಂದೆ ಇನ್ನೊಂದು ಕುದುರೆ ಬರುತ್ತಿತ್ತು. ಅದರ ಜಾಕಿ ಲಗಾಮು ಎಳೆದು ತಡೆಯಬೇಕಾಯಿತು. ರೇಸ್ ಮುಗಿದ ಕೂಡಲೇ ಇಬ್ಬರನ್ನೂ ಸ್ಟೀವರ್ಡ್‌ಗಳು ಕರೆಸಿಕೊಂಡರು. ಸ್ಟೀವರ್ಡ್‌ಗಳೆಂದರೆ ರೇಸಿನ ನ್ಯಾಯ ಹೇಳುವವರು. ವಿಡಿಯೋ ಹಾಕಿ ತೋರಿಸಿ, ಅಜಾಗರೂಕ ಸವಾರಿ ಎಂದು ಬರೆದು, ಗೆಲುವನ್ನು ಕಿತ್ತುಕೊಂಡು, ಇವರನ್ನು ಎರಡು ವಾರ ಕುದುರೆ ಹತ್ತದ ಹಾಗೆ ಮಾಡಿದ್ದರು.

ಶಿಕ್ಷೆ ಎಂದರೆ ಇಷ್ಟೇ ಆಗಿದ್ದರೆ ನನಗೇನೂ ಬೇಜಾರಿರಲಿಲ್ಲ. ಸಂಕಟವಾದದ್ದು ಬೇರೆ ಕಾರಣಕ್ಕೆ. ಆ ಎರಡು ವಾರದ ಕೊನೆಯ ದಿನವೇ ಇವರು ಓಡಿಸಬೇಕಿದ್ದ ಒಂದು ಕಪ್ಪು ಹೆಣ್ಣು ಕುದುರೆಯ ದೊಡ್ಡ ರೇಸ್ ಇತ್ತು. ಆ ಕುದುರೆ ಮರಿಯಾಗಿ ಲಾಯಕ್ಕೆ ಬಂದಾಗ ಯಾರನ್ನೂ ಬೆನ್ನ ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ. ಇವರು ದಿನಾ ನಸುಕಿನಲ್ಲಿ ಎದ್ದು ಅದರ ಹಿಂದೆ ಬಿದ್ದು, ಬೈಸಿಕೊಂಡು, ಒದೆಸಿಕೊಂಡು, ಕೊನೆಗೆ ಅದನ್ನು ಪಳಗಿಸಿದ್ದರು. ಫೋನಿನಲ್ಲಿ ನನ್ನ ಆರೋಗ್ಯ ಕೇಳುವ ಮೊದಲು ಅದರ ಆರೋಗ್ಯ ಹೇಳುತ್ತಿದ್ದರು. ನಾನು ಅದನ್ನು ಸವತಿ ಎಂದೇ ಕರೆಯುತ್ತಿದ್ದೆ. ಆದರೂ ಸವತಿ ದೊಡ್ಡ ರೇಸ್ ಓಡುವಾಗ ಬೆನ್ನ ಮೇಲೆ ನಮ್ಮನೆಯವರೇ ಇರಬೇಕು ಎನ್ನುವುದು ನನಗೂ ಆಸೆಯಾಗಿತ್ತು.

ಸಂಜೆಯ ಹೊತ್ತಿಗೆ ಆ ಕುದುರೆಯ ಮಾಲೀಕರು ಫೋನ್ ಮಾಡಿದರು. ಮಂಗಳವಾರದೊಳಗೆ ಅಪೀಲು ಹಾಕಿದರೆ ಶಿಕ್ಷೆಗೆ ತಡೆ ಸಿಗಬಹುದು, ವಿಚಾರಣೆ ಮುಗಿಯುವ ಹೊತ್ತಿಗೆ ದೊಡ್ಡ ರೇಸ್ ಮುಗಿದಿರುತ್ತದೆ, ವಕೀಲರನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಬಂದು ಸಹಿ ಹಾಕು ಎಂದರು. ಅಪೀಲಿನಲ್ಲಿ ಸೋತರೆ ಶಿಕ್ಷೆ ಹೆಚ್ಚಾಗಲೂಬಹುದು. ಆದರೆ ಇವರಿಗೆ ಸೋಲುವ ಯೋಚನೆಯೇ ಇರಲಿಲ್ಲ. ತಪ್ಪೇ ಮಾಡಿಲ್ಲದ ಮೇಲೆ ಸೋಲುವುದೆಲ್ಲಿ ಬಂತು ಎನ್ನುವುದು ಅವರ ವಾದ. ನನ್ನದೂ ಅದೇ ವಾದ.

ಅವರಿಗೆ ಅಷ್ಟು ಧೈರ್ಯ ಬರಲು ಕಾರಣ ನಮ್ಮೂರು. ಇವರು ಕುದುರೆ ಹತ್ತುವ ಮೊದಲು ಓಡಿಸಿದ್ದು ಎತ್ತಿನ ಗಾಡಿ. ನಮ್ಮ ಮಾವ ಒಂದು ಕಾಲಕ್ಕೆ ಜೋಡೆತ್ತಿನ ಗಾಡಿ ಓಟದಲ್ಲಿ ದೊಡ್ಡ ಹೆಸರು. ಈಗ ವಯಸ್ಸಾಗಿ ಓಟದಲ್ಲಿ ನ್ಯಾಯ ಹೇಳುವ ಕೆಲಸ ಮಾಡುತ್ತಾರೆ. ನಮ್ಮ ಸುತ್ತಿನ ಹಳ್ಳಿಗಳ ಓಟದಲ್ಲಿ ಒಂದು ಕಟ್ಟಳೆಯಿದೆ. ನಿನ್ನ ಗಾಡಿಯ ನೊಗ ಪಕ್ಕದ ಗಾಡಿಯ ನೊಗವನ್ನು ದಾಟಿತೆಂದರೆ ಮುಂದಿನ ದಾರಿ ನಿನ್ನದು. ನೀನು ಅಡ್ಡ ಬರಬಹುದು, ಹಿಂದಿನವನು ಹಗ್ಗ ಎಳೆದು ಜಾಗ ಬಿಡಬೇಕು. ಬಿಡದೆ ಗಾಡಿ ತಾಗಿಸಿದರೆ ತಪ್ಪು ಹಿಂದಿನವನದು. ಇವರು ಮೀಸೆ ಮೂಡುವ ಮೊದಲೇ ಕಲಿತ ನ್ಯಾಯ ಅದು. ಕುದುರೆ ಮೈದಾನದಲ್ಲಿ ಹಾಗಲ್ಲ, ಹಿಂದಿನ ಕುದುರೆಯಿಂದ ಎರಡು ಕುದುರೆ ಹಿಡಿಸುವಷ್ಟು ಮುಂದೆ ಹೋದ ಮೇಲೇ ಅಡ್ಡ ಬರಬೇಕು ಎನ್ನುತ್ತಾರೆ. ಅದು ಇವರಿಗೆ ಗೊತ್ತಿಲ್ಲವೆಂದಲ್ಲ, ಪರೀಕ್ಷೆಗೆ ಓದಿದ್ದಾರೆ. ಆದರೆ ಗೆಲುವು ಕಣ್ಣ ಮುಂದೆ ಕಂಡಾಗ ಕೈಗೆ ನೆನಪಾಗುವುದು ಓದಿದ್ದಲ್ಲ.

ಆ ಸಂಜೆ ಜಗಲಿ ತುಂಬ ಜನ. ಎಲ್ಲರೂ ಇವರ ಫೋನಿನಲ್ಲಿ ಆ ರೇಸ್ ನೋಡಿದರು. ತಿರುವು ಬಂದಾಗ ವಿಡಿಯೋ ನಿಲ್ಲಿಸಿ ಬೆರಳು ಇಟ್ಟು ತೋರಿಸಿದರು.

"ನೋಡ್ಲಾ, ತಲೆ ದಾಟೈತೆ, ಭುಜನೂ ದಾಟೈತೆ" ಅಂದರು ಪಕ್ಕದ ಮನೆಯವರು. "ನೊಗ ದಾಟ್ದಂಗೇ ಆಯ್ತು. ದಾರಿ ನಮ್ಮುಡುಗುಂದು."

ಎಲ್ಲರೂ ಮಾವನ ಮುಖ ನೋಡಿದರು. ಮಾವ ಕನ್ನಡಕ ಏರಿಸಿ ಎರಡು ಸಲ ನೋಡಿ, "ನಮ್ಮ ಓಟ್ದಲ್ಲಾದ್ರೆ ಇವ್ನದು ತಪ್ಪಿಲ್ಲ" ಅಂದರು. ಅವರು ಮಗನೆಂದು ಪಕ್ಷ ವಹಿಸುವವರಲ್ಲ, ಹಿಂದೊಮ್ಮೆ ಸ್ವಂತ ಭಾವಮೈದನ ಗಾಡಿಯನ್ನೇ ಓಟದಿಂದ ಹೊರಗಿಟ್ಟವರು. ಹಾಗಾಗಿ ಅಲ್ಲಿಗೆ ತೀರ್ಮಾನವಾಯಿತು. ಬೆಂಗಳೂರಿನವರಿಗೆ ಏನು ಗೊತ್ತು ಎಂದು ನಾನೂ ಒಂದಿಷ್ಟು ಬೈದೆ. ಬೈದಿದ್ದು ಬಹಳ ಹಿತವಾಗಿತ್ತು.

ಮಾರನೇ ದಿನ ಬೆಳಿಗ್ಗೆ ಹುಳದ ಮನೆಯಲ್ಲಿ ನಾವೆಲ್ಲ ಸೊಪ್ಪು ಹಾಕುತ್ತಿದ್ದೆವು. ಹುಳಗಳು ಜ್ವರದಿಂದ ಎದ್ದಿದ್ದವು. ಪೊರೆ ಬಿಡುವ ಮೊದಲು ಹುಳ ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯಿಲ್ಲ. ಇವರು ಹನ್ನೊಂದರ ಬಸ್ಸಿಗೆ ಹೋಗಿ ಸಹಿ ಹಾಕಿ ಬರುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅತ್ತೆ, "ಊರೋರೆಲ್ಲ ನೋಡವ್ರೆ, ನಂಗೂ ಒಸಿ ತೋರುಸ್ಲಾ" ಅಂದರು. ಹಿಂದಿನ ಸಂಜೆ ಅವರು ಹಾಲು ಹಾಕಲು ಡೇರಿಗೆ ಹೋಗಿದ್ದರಿಂದ ನೋಡಿರಲಿಲ್ಲ.

ಅತ್ತೆಗೆ ರೇಸ್ ಅಂದರೆ ಏನೂ ತಿಳಿಯದು. ಯಾವ ಬಣ್ಣದ ಅಂಗಿ ಮಗನದೆಂದು ನಾನು ತೋರಿಸಿದೆ. ಓಟ ಮುಗಿಯಿತು. ಮಗ ಗೆದ್ದ. ಅತ್ತೆ, "ಇನ್ನೊಂದ್ ಸಲ ಹಾಕು" ಅಂದರು. ಹಾಕಿದೆ. ತಿರುವು ಬಂದಾಗ ಅವರ ಬೆರಳು ಫೋನಿನ ಇನ್ನೊಂದು ಮೂಲೆಗೆ ಹೋಯಿತು.

"ಇದ್ಯಾರ್ಲಾ, ಹಿಂದ್ಗಡೆ? ಯಾಕಂಗೆ ಕುದ್ರೆ ಕುತ್ತಿಗೆ ತಬ್ಕೊಂಡವ್ನೆ?"

ನಾವೆಲ್ಲ ಬಗ್ಗಿ ನೋಡಿದೆವು. ಅಷ್ಟು ಸಲ ನೋಡಿದ್ದರೂ ನಮ್ಮಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಎಲ್ಲರ ಕಣ್ಣೂ ನಮ್ಮವರ ಅಂಗಿಯ ಜೊತೆಗೇ ಮುಂದೆ ಹೋಗುತ್ತಿತ್ತು. ಹಿಂದೆ, ಬೇಲಿಗೆ ಒತ್ತಿಕೊಂಡ ಕುದುರೆಯ ಮುಂಗಾಲು ಮುಗ್ಗರಿಸಿ, ಅದರ ಜಾಕಿ ಜೀನಿನಿಂದ ಎದ್ದುಬಿಟ್ಟು, ಎರಡೂ ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡಿದ್ದ. ಒಂದು ಕಾಲು ಜೀನಿಗೆ ತೂಗುವ ರಿಕಾಪಿನಿಂದ ಹೊರಗಿತ್ತು. ಇನ್ನೂ ಹಿಂದೆ ಏಳೆಂಟು ಕುದುರೆಗಳು ಬರುತ್ತಿದ್ದವು. ಆಮೇಲೆ ಅವನು ಹೇಗೋ ಸರಿಯಾಗಿ ಕೂತ.

"ಅವ್ನಿಗೂ ಒಬ್ಳು ತಾಯಿ ಅವ್ಳಲ್ವಾ" ಅಂದರು ಅತ್ತೆ. ಹೇಳಿದವರು ಸೊಪ್ಪಿನ ಕುಕ್ಕೆ ಎತ್ತಿಕೊಂಡು ಆಚೆಯ ಸಾಲಿಗೆ ಹೋದರು. ಮಗನಿಗೆ ಬುದ್ಧಿ ಹೇಳಬೇಕೆಂದು ಹೇಳಿದ ಮಾತಲ್ಲ ಅದು. ಅವರಿಗೆ ನಿಜವಾಗಿಯೂ ಆ ಹುಡುಗನ ಚಿಂತೆಯಾಗಿತ್ತು.

ಆ ಜಾಕಿ ಮಾಗಡಿ ಕಡೆಯವನು. ಇವರಿಗಿಂತ ಚಿಕ್ಕವನು, ಇವರನ್ನು ಅಣ್ಣ ಎನ್ನುತ್ತಾನೆ. ವಿಚಾರಣೆಯಲ್ಲಿ ಅವನು ತನ್ನ ಕುದುರೆಯೇ ಬೆದರಿತು, ಅಣ್ಣನದು ತಪ್ಪಿಲ್ಲ ಎಂದಿದ್ದ. ಅಪೀಲಿನಲ್ಲಿ ಇವರು ನೆಚ್ಚಿಕೊಂಡಿದ್ದೇ ಆ ಮಾತನ್ನು. ಇವರು ಹುಳದ ಮನೆಯ ಬಾಗಿಲಿಗೆ ಬಂದು ಅವನಿಗೆ ಫೋನ್ ಮಾಡಿದರು. ನನಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

"ಸ್ಟೀವರ್ಡ್‌ಗಳ ಮುಂದೆ ಹೇಳಿದ್ದು ಬುಡು. ಈಗ ಯಾರೂ ಇಲ್ಲ. ಜಾಗ ಇತ್ತಾ, ಇರ್ಲಿಲ್ವಾ?"

ಆ ಕಡೆ ಅವನು ತಡವರಿಸಿದ. "ಬುಡಣ್ಣ, ಆಗೋಯ್ತಲ್ಲ."

"ಹೇಳ್ಲಾ."

"ಇರ್ಲಿಲ್ಲ ಕಣಣ್ಣ. ಬಿದ್ದೇಬುಟ್ಟೆ ಅಂದ್ಕೊಂಡೆ. ನಮ್ಮೋರ ಮೇಲೆ ಅಲ್ಲಿ ಹೇಳ್ಬಾರ್ದು ಅಂತ ಅಂಗಂದೆ."

ಜಾಕಿಗಳಲ್ಲಿ ಅದೊಂದು ರೂಢಿಯಂತೆ, ವಿಚಾರಣೆಯ ಕೋಣೆಯಲ್ಲಿ ಒಬ್ಬರ ಮೇಲೊಬ್ಬರು ಹೇಳುವುದಿಲ್ಲ. ಬಿದ್ದು ಕೈ ಮುರಿದುಕೊಂಡವನೂ ನನ್ನ ಕುದುರೆಯದೇ ತಪ್ಪು ಎನ್ನುತ್ತಾನಂತೆ. ಇಷ್ಟು ವರ್ಷ ಸಂಸಾರ ಮಾಡಿದರೂ ನನಗೆ ಇದು ಗೊತ್ತಿರಲಿಲ್ಲ. ನಮ್ಮವರು ಎಷ್ಟು ಸಲ ಹೀಗೆ ಬೀಳುವುದರಲ್ಲಿದ್ದು, ಮನೆಗೆ ಬಂದು ಏನೂ ಆಗಿಲ್ಲ ಎಂದಿದ್ದಾರೋ.

ಹನ್ನೊಂದರ ಬಸ್ಸು ಹೋಯಿತು. ಇವರು ಹತ್ತಲಿಲ್ಲ. ಮಾಲೀಕರಿಗೆ ಫೋನ್ ಮಾಡಿ ಅಪೀಲು ಬೇಡ ಸಾರ್ ಅಂದರು. ಹಾಗಾದರೆ ಕುದುರೆಯನ್ನು ಯಾರಿಗೆ ಕೊಡಲಿ ಎಂದು ಅವರು ಬೇಸರದಲ್ಲಿ ಕೇಳಿದಾಗ, ಇವರು ಮಾಗಡಿಯವನ ಹೆಸರು ಹೇಳಿಬಿಟ್ಟರು.

ಅಪೀಲು ಬೇಡವೆಂದಾಗ ನನಗೆ ಸಮಾಧಾನವೇ ಆಗಿತ್ತು. ಹೆಸರು ಕೇಳಿದಾಗ ಮಾತ್ರ ಸಿಟ್ಟು ನೆತ್ತಿಗೇರಿತು. "ಸಾಕಿದ್ದು ನೀವು, ಒದೆ ತಿಂದಿದ್ದು ನೀವು. ಬೇರೆ ಜಾಕಿ ಯಾರೂ ಸಿಗಲಿಲ್ವೇನ್ರೀ?" ಎಂದು ಕೇಳಿದೆ. "ಅವ್ನ ಕೈ ಮೆತ್ತಗೈತೆ, ಅದ್ಕೆ ಒಗ್ತದೆ" ಅಂದರು. ಆ ದಿನ ನಾನು ಸಾರಿಗೆ ಉಪ್ಪು ಹಾಕಲಿಲ್ಲ. ಮರೆತೆನೋ ಬೇಕೆಂದೇ ಬಿಟ್ಟೆನೋ ನನಗೇ ಹೇಳಲು ಬಾರದು. ಅವರು ಕಮಕ್ ಕಿಮಕ್ ಅನ್ನದೆ ಉಂಡರು.

ಆಮೇಲಿನ ದಿನಗಳು ನಮ್ಮ ಸಂಸಾರದಲ್ಲೇ ಒಳ್ಳೆಯ ದಿನಗಳು. ಅವರು ಮುಂಜಾನೆ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ಹೊರೆ ಹೊತ್ತು ತರುತ್ತಿದ್ದರು. ಹೊರೆಯ ಕೆಳಗೆ ಅವರು ಕಾಣುತ್ತಲೇ ಇರಲಿಲ್ಲ, ಸೊಪ್ಪೇ ನಡೆದು ಬಂದ ಹಾಗಿರುತ್ತಿತ್ತು. ಮಧ್ಯಾಹ್ನ ಮುದ್ದೆಯನ್ನು ಪೂರ್ತಿ ಉಣ್ಣುತ್ತಿದ್ದರು, ಸೊಪ್ಪಿನ ಸಾರನ್ನು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು. ಅತ್ತೆಯ ಮುಖದಲ್ಲಿ ಆ ಕಳೆಯನ್ನು ನಾನು ಮೊದಲು ಕಂಡಿರಲಿಲ್ಲ. ಒಂದು ದಿನ ಇಬ್ಬರೂ ಸ್ಕೂಟರಿನಲ್ಲಿ ಕನಕಪುರಕ್ಕೆ ಹೋಗಿ ಸುಮ್ಮನೆ ಸುತ್ತಿ, ದೋಸೆ ತಿಂದು ಬಂದೆವು. ಕೆಲಸವಿಲ್ಲದೆ ಪೇಟೆಗೆ ಹೋಗಿದ್ದು ನನಗೆ ನೆನಪಿದ್ದಂತೆ ಅದೇ ಮೊದಲು. ಇಂಥ ಶಿಕ್ಷೆಯನ್ನು ವರ್ಷಕ್ಕೊಂದು ಸಲ ಕೊಡಲಿ ಎಂದು ನಾನು ಹೇಳಿದಾಗ ಅವರು ನಕ್ಕರು, ಆದರೆ ಪೂರ್ತಿ ನಗಲಿಲ್ಲ.

ದಿನಾ ಸಂಜೆ ಮಾಗಡಿಯವನ ಫೋನ್ ಬರುತ್ತಿತ್ತು. ಇವರು ಹಸುಗಳ ಪಕ್ಕ ನಿಂತು ಹೇಳಿಕೊಡುತ್ತಿದ್ದರು. ಓಟ ಶುರುವಾಗುವ ಗೇಟಿನೊಳಗೆ ಹೋಗುವಾಗ ಕುತ್ತಿಗೆ ಸವರಬೇಡ, ಅದಕ್ಕಾಗದು, ಸುಮ್ಮನೆ ಮಾತಾಡಿಸು. ಎಡಗೈಯಲ್ಲಿ ಚಾಟಿ ತೋರಿಸಬೇಡ. ಅದು ಕಿವಿ ಹಿಂದಕ್ಕೆ ಹಾಕಿದರೆ ಸುಸ್ತಾಗಿದೆ ಎಂದುಕೊಳ್ಳಬೇಡ, ಸಿಟ್ಟು ಬಂದಿರುತ್ತದೆ, ಆಗಲೇ ಬಿಡು. ಎಲ್ಲವನ್ನೂ ಹೇಳಿದರು, ಒಂದನ್ನೂ ಬಚ್ಚಿಟ್ಟುಕೊಳ್ಳಲಿಲ್ಲ. ನಾನು ಹಾಲು ಕರೆಯುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಹಾಗೆ ಕೇಳುತ್ತಾ ಕೇಳುತ್ತಾ ನನ್ನ ಸಿಟ್ಟು ಇಳಿಯಿತು. ಇಂಥವರ ಹೆಂಡತಿ ನಾನು ಎಂದು ಒಳಗೊಳಗೇ ಹೆಮ್ಮೆಯೂ ಆಯಿತು, ಅವರಿಗೆ ಹೇಳಲಿಲ್ಲ.

ದೊಡ್ಡ ರೇಸಿನ ಮಧ್ಯಾಹ್ನ ಹುಳಗಳು ಚಂದ್ರಿಕೆಯೆಂಬ ಬಿದಿರು ತಟ್ಟಿಯ ಮೇಲೆ ಗೂಡು ಕಟ್ಟುತ್ತಿದ್ದವು, ಆದ್ದರಿಂದ ಸೊಪ್ಪಿನ ಕೆಲಸವಿರಲಿಲ್ಲ. ನಾವು ನಾಲ್ವರೂ ಜಗಲಿಯಲ್ಲಿ ಕೂತು ಫೋನನ್ನು ರಾಗಿ ಅಳೆಯುವ ಸೇರಿಗೆ ಒರಗಿಸಿಟ್ಟುಕೊಂಡೆವು. ಕಪ್ಪು ಕುದುರೆ ಗೇಟಿನೊಳಕ್ಕೆ ಹಸುವಿನ ಹಾಗೆ ಹೋಯಿತು. ಓಟ ಶುರುವಾದ ಮೇಲೆ ಇವರ ಮೊಣಕಾಲು ತಂತಾನೇ ಬಿಗಿಯಾಗಿ, ಕೈಗಳು ಇಲ್ಲದ ಲಗಾಮನ್ನು ಹಿಡಿದುಕೊಂಡವು. ಕೊನೆಯ ತಿರುವಿಗೆ ಬರುವಾಗ ಕಪ್ಪು ಕುದುರೆ ಮೂರನೆಯದಾಗಿತ್ತು. ಅಲ್ಲಿಂದ ಎದ್ದು ಬಂತು. ಎರಡನೆಯದರ ಪಕ್ಕಕ್ಕೆ ಬಂತು, ಅದನ್ನು ಭುಜದಷ್ಟು ದಾಟಿತು. ಒಳಗಡೆ ಬೇಲಿಯ ಪಕ್ಕ ದಾರಿ ತೆರೆದುಕೊಂಡಿತ್ತು.

"ಓಗ್ಲಾ, ನೊಗ ದಾಟೈತೆ" ಅಂದರು ಮಾವ.

ಅವನು ಹೋಗಲಿಲ್ಲ. ಕುದುರೆಯನ್ನು ನೇರಕ್ಕೇ ಹಿಡಿದು, ಪಕ್ಕದ ಕುದುರೆಯಿಂದ ಪೂರ್ತಿ ಬಿಡಿಸಿಕೊಳ್ಳುವ ತನಕ ಕಾದ. ಕಾದು ಒಳಕ್ಕೆ ಬಂದು, ಆಮೇಲೆ ಬಿಟ್ಟ. ಆ ಕುದುರೆ ಓಡಿದ ಓಟ ನೋಡಿ ಅತ್ತೆ ನನ್ನ ಕೈ ಹಿಡಿದುಕೊಂಡರು. ಕೊನೆಯ ಗೆರೆಯಲ್ಲಿ ಮೊದಲ ಕುದುರೆಗಿಂತ ಮೂಗಿನಷ್ಟು ಕಡಿಮೆಯಾಯಿತು. ಎರಡನೆಯ ಸ್ಥಾನ.

ಮಾವ ತೊಡೆ ತಟ್ಟಿಕೊಂಡು, "ಕಾಯ್ತಾ ಕೂರ್ದೆ ನುಗ್ಗಿದ್ರೆ ಗೆಲ್ತಿತ್ತು" ಅಂದರು. ಅದು ನಿಜವೇ. ನಾನು ಇವರ ಮುಖ ನೋಡಿದೆ. ಬೈಯುತ್ತಾರೆ ಎಂದುಕೊಂಡೆ. ಅವರ ಕಣ್ಣು ತುಂಬಿತ್ತು, ಆದರೆ ದುಃಖಪಟ್ಟವರ ಮುಖ ಅದಲ್ಲ.

"ಆ ಪಕ್ಕದ್ ಕುದ್ರೆಯೋನು ನೆಟ್ಟಗೆ ಕೂತವ್ನಾ ನೋಡವ್ವ" ಎಂದು ಫೋನನ್ನು ಅತ್ತೆಯ ಕೈಗೆ ಕೊಟ್ಟರು.

ಅತ್ತೆ ಕಣ್ಣಿಗೆ ಹತ್ತಿರ ಹಿಡಿದು ಹುಡುಕಿ, "ಕೂತವ್ನೆ ಕಣಪ್ಪ" ಅಂದರು.

"ನಾನಾಗಿದ್ರೆ ನುಗ್ಗುಬುಡ್ತಿದ್ದೆ" ಅಂದರು ಇವರು. ನನಗಲ್ಲ, ಮಾವನಿಗೆ ಹೇಳಿದರು. ಮಾವ ಅವರ ಬೆನ್ನ ಮೇಲೆ ಕೈ ಇಟ್ಟರು.