ಪಟೇಲನಿಗೆ ತೋರಿಸದೆ ಮಣ್ಣು ಮಾಡಿದ್ದು

ಹೋದ ತಿಂಗಳು ಮಡಿಕೇರಿಯಿಂದ ಹೊರಟ ಬಸ್ಸು ಬೈಲುಕುಪ್ಪೆ ಪಕ್ಕದ ಕೊಪ್ಪದಲ್ಲಿ ಟೀಗೆಂದು ನಿಂತಾಗ, ಅಂಗಡಿಸಾಲಿನ ಹಿಂದಿನಿಂದ, ತುಕ್ಕು ಹಿಡಿದ ಗೇಟನ್ನು ಯಾರೋ ಸಿಟ್ಟಿನಿಂದ ಎಳೆದಂಥ ಸದ್ದು ಕೇಳಿಸಿತು. ಪಕ್ಕದ ಸೀಟಿನ ಹೆಂಗಸು ಬೆಚ್ಚಿ ನನ್ನ ಮುಖ ನೋಡಿದರು. ನಾನು ನಕ್ಕೆ. ಅದು ಹೆಬ್ಬಾತಿನ ಕೂಗು. ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ ಬೆಳೆದವರಿಗೆ ಆ ಸದ್ದೇ ಸುಪ್ರಭಾತ, ಅದೇ ಕಾಲಿಂಗ್ ಬೆಲ್, ಅದೇ ಬೈಗುಳ. ಅದರ ಬೆನ್ನಿಗೇ ವಾಸನೆಗಳೂ ಬಂದವು: ಬ್ಯಾರನ್ ಎನ್ನುವ ಒಲೆಮನೆಯೊಳಗೆ ಹದಕ್ಕೆ ಬೇಯುತ್ತಿದ್ದ ಹೊಗೆಸೊಪ್ಪಿನ ಸಿಹಿ ಘಾಟು, ಹಸಿ ಸೌದೆಯ ಹೊಗೆ, ನಾಲೆಯ ಕೆಸರು ಮೆತ್ತಿದ ರೆಕ್ಕೆಗಳ ಕಮಟು. ಬಸ್ಸು ಹೊರಟು ಬೈಲುಕುಪ್ಪೆ ದಾಟಿದರೂ ನಾನು ಮಾತ್ರ ಆ ಅಂಗಳದಲ್ಲೇ ಉಳಿದಿದ್ದೆ. ಇಂಥದ್ದೊಂದು ಅಂಗಳ ನಿಮಗೂ ಇದ್ದಿರಬಹುದು, ಈಗ ಹೋಗಿ ನೋಡಿದರೆ ಅಲ್ಲಿ ಯಾರದೋ ಕಾಂಪೌಂಡು ಎದ್ದಿರಬಹುದು.

ನಾವು ಲಿಂಗ ಕಟ್ಟುವ ಮನೆಯವರು, ಮೊಟ್ಟೆಯನ್ನೂ ಮುಟ್ಟದವರು. ಅಂಥ ಮನೆಗೆ ಹೆಬ್ಬಾತು ಬಂದದ್ದು ಹಾವಿನ ದೆಸೆಯಿಂದ. ಬ್ಯಾರನ್ನಿನ ಬೆಚ್ಚಗಿನ ಗೋಡೆಗೆ, ಸೌದೆ ಒಟ್ಟಿನ ಸಂದಿಗೆ ನಾಗರಗಳು ನೆಂಟರಂತೆ ಬಂದು ಉಳಿಯುತ್ತಿದ್ದವು. ಹೆಬ್ಬಾತು ಇದ್ದಲ್ಲಿ ಹಾವು ಸುಳಿಯುವುದಿಲ್ಲವೆಂದು ಯಾರೋ ಹೇಳಿದ್ದೇ ತಡ, ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ, ಕೊಪ್ಪದಿಂದ ಒಂದು ಜೋಡಿಯನ್ನು ಬಿದಿರು ಬುಟ್ಟಿಯಲ್ಲಿ ಹೊತ್ತು ತಂದರು. ಗಂಡು ಎದೆ ಸೆಟೆಸಿ, ಊರೆಲ್ಲ ತನ್ನದೇ ಎಂಬಂತೆ ನಡೆಯುತ್ತಿದ್ದುದನ್ನು ಕಂಡು ಅಜ್ಜಿ ಅದಕ್ಕೆ ಪಟೇಲ ಎಂದು ಹೆಸರಿಟ್ಟಳು. ಹೆಣ್ಣು ತಾನೇ ತಾನಾಗಿ ಪಟೇಲಮ್ಮ ಆಯಿತು. ಒಂದನ್ನು ಬಿಟ್ಟು ಒಂದು ನೀರಿಗೂ ಇಳಿಯುತ್ತಿರಲಿಲ್ಲ. ಪಟೇಲಮ್ಮ ಹುಲ್ಲು ಕೀಳುವಾಗ ಪಟೇಲ ತಾನು ತಿನ್ನದೆ ಕತ್ತೆತ್ತಿ ಕಾಯುತ್ತಿದ್ದ. ಅವಳದು ಮುಗಿದ ಮೇಲೆ ಇವನದು. ನಮ್ಮ ಮನೆಯ ಗಂಡಸರು ಊಟಕ್ಕೆ ಮೊದಲು ಕೂರುವುದನ್ನು ನೋಡಿ ಅಜ್ಜಿ, "ನೋಡ್ರಲಾ, ಅದರಿಂದಾದ್ರೂ ಕಲೀರಿ" ಎಂದು ಚುಚ್ಚುತ್ತಿದ್ದಳು. ಯಾರೂ ಕಲಿಯಲಿಲ್ಲ ಅನ್ನುವುದು ಬೇರೆ ಮಾತು. ಹಾವುಗಳೇನೋ ಕಡಿಮೆಯಾದವು, ಅವುಗಳ ಜೊತೆಗೆ ನೆಂಟರೂ ಕಡಿಮೆಯಾದರು, ಯಾಕೆಂದರೆ ಪಟೇಲ ಯಾರ ಕಾಲನ್ನೂ ಬಿಡುತ್ತಿರಲಿಲ್ಲ.

ಸೊಪ್ಪು ಬೇಯಿಸುವ ಕಾಲ. ಅಜ್ಜಿ ಕೆ.ಆರ್. ನಗರದ ಹತ್ತಿರದ ತನ್ನ ತವರಿಗೆ ತೊಟ್ಟಿಲು ಶಾಸ್ತ್ರಕ್ಕೆಂದು ಹೋಗಿದ್ದಳು. ಆ ಬೆಳಿಗ್ಗೆ, ಎಂದೂ ಇಲ್ಲದ ಹಾಗೆ, ಪಟೇಲ ಒಬ್ಬನೇ ನನ್ನ ಹಿಂದೆ ನಾಲೆಗೆ ಬಂದಿದ್ದ. ಪಟೇಲಮ್ಮ ಗೂಡಿಗೆ ಜಾಗ ಹುಡುಕುತ್ತ ಸೌದೆ ಒಟ್ಟಿನ ಹಿಂದೆ ಸೇರಿಕೊಂಡಿದ್ದಳಂತೆ. ಒಟ್ಟು ಇದ್ದಕ್ಕಿದ್ದ ಹಾಗೆ ಜಾರಿತು. ಯಾರನ್ನೂ ಬೈಯುವಂತಿರಲಿಲ್ಲ, ಮಳೆಗೆ ನೆಂದ ನೆಲ ಕುಸಿದಿತ್ತು ಅಷ್ಟೆ. ದೊಡ್ಡಪ್ಪ ಸೌದೆ ಎತ್ತಿ ನೋಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೂಲಿಗೆ ಬಂದಿದ್ದವರು ಸಾರಿಗಾದರೂ ಆಗುತ್ತದೆ, ಕೊಡಿ ಎಂದು ಕೇಳಿದರು. ದೊಡ್ಡಪ್ಪನ ಮುಖ ಕೆಂಪಗಾಯಿತು. ತಮ್ಮ ಹೆಗಲ ಟವಲಿನಲ್ಲೇ ಅವಳನ್ನು ಸುತ್ತಿ, ಹೊಲದ ಮೂಲೆಯ ಹೊಂಗೆ ಮರದಡಿ ಗುಂಡಿ ತೋಡಿ, ನಮ್ಮಲ್ಲಿ ಸತ್ತವರಿಗೆ ಹಾಕುವ ಹಾಗೆಯೇ ಉಪ್ಪು ವಿಭೂತಿ ಹಾಕಿ ಮುಚ್ಚಿಬಿಟ್ಟರು. "ಬಾತಿಗೂ ಈಬೂತಿ ಏನಣ್ಣೋ" ಎಂದು ಕೂಲಿಯವರು ನಕ್ಕರು. ಪಟೇಲ ಬರುವುದರೊಳಗೆ ಮುಗಿಸಬೇಕೆಂಬುದೇ ದೊಡ್ಡಪ್ಪನ ಅವಸರ. ನೋಡಿದರೆ ತಡೆದುಕೊಳ್ಳುವುದಿಲ್ಲ, ನೋಡದಿದ್ದರೆ ಮರೆಯುತ್ತದೆ ಅಂದುಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಪಟೇಲ ಮರೆಯಲಿಲ್ಲ. ನಾಲೆಯಿಂದ ಬಂದವನು ಅಂಗಳದಲ್ಲಿ ನಿಂತು ಒಮ್ಮೆ ಕೂಗಿದ, ಉತ್ತರಕ್ಕೆ ಕಾದ, ಮತ್ತೆ ಕೂಗಿದ. ಆಮೇಲೆ ಹುಡುಕಾಟ ಶುರುವಾಯಿತು. ಸೌದೆ ಒಟ್ಟು, ಬ್ಯಾರನ್ನಿನ ಬಾಗಿಲು, ಹಿತ್ತಲ ನೀರಿನ ಕಲ್ಲುಬಾನಿ, ನಾಲೆ, ಮತ್ತೆ ಸೌದೆ ಒಟ್ಟು. ಕತ್ತನ್ನು ನೆಲಕ್ಕೆ ಚಾಚಿಕೊಂಡು ನಡೆಯುತ್ತಿದ್ದ. ಆ ಸೆಟೆದ ಎದೆ ಎಲ್ಲಿ ಹೋಯಿತೋ. ರಾಗಿ ಎರಚಿದರೆ ಮೇಲೆ ಕಾಲಿಟ್ಟು ಹೋಗುತ್ತಿದ್ದ. ಅಮ್ಮ ಹುಣಸೆಹಣ್ಣು ಹಾಕಿ ಬೆಳಗಿದ ತಾಮ್ರದ ಹಂಡೆಯನ್ನು ಬಿಸಿಲಿಗೆ ಮಗುಚಿಟ್ಟಿದ್ದಳು. ಅದರಲ್ಲಿ ತನ್ನದೇ ಬಿಂಬ ಕಂಡು ಪಟೇಲ ಅಲ್ಲೇ ನಿಂತುಬಿಟ್ಟ. ಪಟೇಲಮ್ಮನ ಜೊತೆ ಮಾತ್ರ ಆಡುತ್ತಿದ್ದ ಸಣ್ಣ ದನಿಯಲ್ಲಿ ಏನೇನೋ ಗುಣುಗಿದ. ಮೋಡ ಮುಚ್ಚಿ ಹಂಡೆ ಮಂಕಾದದ್ದೇ ಅವನ ಕೂಗು ಮತ್ತೆ ಎದ್ದಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹಂಡೆಯನ್ನು ಒಳಗೆ ತೆಗೆದುಕೊಂಡು ಹೋದಳು. ನಾನಂತೂ ಅವನ ಹಿಂದೆಯೇ ಸುತ್ತಿ ಸುತ್ತಿ ಅತ್ತೆ. ಇವನೂ ಸಾಯುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು.

ಅಜ್ಜಿ ಮರಳಿದ್ದು ಎರಡು ದಿನದ ಮೇಲೆ. ಬಸ್ಸಿಳಿದು ಬಂದವಳು ಪಟೇಲನನ್ನು ನೋಡಿ ಚೀಲವನ್ನು ಅಂಗಳದಲ್ಲೇ ಇಳಿಸಿದಳು. ಅವನು ಸೌದೆಗೆ ಕೊಕ್ಕು ಒರಗಿಸಿಕೊಂಡು, ಕೂಗಲೂ ಶಕ್ತಿಯಿಲ್ಲದೆ ಕುಳಿತಿದ್ದ. ವಿಷಯವನ್ನೆಲ್ಲ ದೊಡ್ಡಪ್ಪ ಹೇಳಿದರು. ಕೇಳಿಸಿಕೊಂಡ ಅಜ್ಜಿ ಕೇಳಿದ್ದು ಒಂದೇ ಮಾತು.

"ಇವ್ನಿಗೆ ತೋರ್ಸ್ದೇನೋ?"

"ಇಲ್ಲ ಕಣವ್ವ. ಪಾಪ, ನೋಡ್ಬುಟ್ಟು ಎದೆ ಒಡ್ಕಂಡ್ರೆ? ಬುಡು, ನಾಳೀಕೆ ಕೊಪ್ಪಕ್ಕೋಗಿ ಇನ್ನೊಂದ ತತ್ತೀನಿ."

"ಅದೇನು ಚೆಂಬೇನ್ಲಾ, ತೂತಾಯ್ತು ಅಂತ ಇನ್ನೊಂದ ತರಕ್ಕೆ? ಆಚೀಕ್ ತಗಿ. ಇವ್ನಿಗೆ ತೋರ್ಸು."

ದೊಡ್ಡಪ್ಪ ಬೆಚ್ಚಿಬಿದ್ದರು. ಮಣ್ಣು ಮಾಡಿದ್ದನ್ನು ಮತ್ತೆ ಅಗೆದು ತೆಗೆಯುವುದೇ? ಹಕ್ಕಿಯಾದರೇನು, ವಿಭೂತಿ ಹಾಕಿದ ಮೇಲೆ ಅದು ಮಣ್ಣಿನದು. ಮನೆಗೆ ಕೇಡು, ಊರವರು ನಗುತ್ತಾರೆ ಎಂದೆಲ್ಲ ಹೇಳಿದರು. ಅಜ್ಜಿ ಜಗಳ ಮಾಡಲಿಲ್ಲ. ಕೊಟ್ಟಿಗೆಗೆ ಹೋಗಿ ಗುದ್ದಲಿ ತಂದಳು. ಆ ವಯಸ್ಸಿಗೆ ಅದನ್ನು ಎತ್ತಲಾರದೆ ಊರುಗೋಲಿನಂತೆ ಊರಿಕೊಂಡು ನಿಂತಳು.

"ನಿಂಗಿಂತ ಮೊದ್ಲು ನಂಗೊಂದು ಎಣ್ಣು ಕೂಸಿತ್ತು ಕಣೋ," ಅಂದಳು. "ಉಟ್ಟಿ ಒಸಿ ಒತ್ತು ಅತ್ತು ಸುಮ್ನಾಯ್ತು. ಬಾಣಂತಿ ನೋಡಿದ್ರೆ ತಡ್ಯಕಿಲ್ಲ ಅಂತ ನಿಮ್ಮಪ್ಪ, ನಿಮ್ಮ ತಾತ ಎಲ್ಲ ಸೇರಿ ಬಟ್ಟೇಲಿ ಸುತ್ಕಂಡು ಒಂಟೋದ್ರು. ಅವ್ರೂ ಒಳ್ಳೇದಕ್ಕೇ ಮಾಡಿದ್ದು. ಅದ್ರ ಮಕ ಎಂಗಿತ್ತು ಅಂತ ನಂಗೊತ್ತಿಲ್ಲ. ಇವತ್ತೂ ಯಾವ್ದಾರಾ ಕೂಸು ಅತ್ರೆ ತಿರುಗ್ ನೋಡ್ತೀನಿ. ಮೊನ್ನೆ ತೊಟ್ಲು ಶಾಸ್ತ್ರದಾಗೂ ತಿರುಗ್ದೆ."

ಇಷ್ಟು ವರ್ಷ ದೊಡ್ಡಪ್ಪ ತಾವೇ ಚೊಚ್ಚಲೆಂದು ಮೆರೆದಿದ್ದರು. ಆ ಮಾತನ್ನು ಅಜ್ಜಿ ಅದುವರೆಗೆ ಯಾರಿಗೂ ಹೇಳಿರಲಿಲ್ಲ. ದೊಡ್ಡಪ್ಪ ಗುದ್ದಲಿಯನ್ನು ಅವಳ ಕೈಯಿಂದ ಮೆಲ್ಲನೆ ಬಿಡಿಸಿಕೊಂಡು ಹೊಲದ ಕಡೆ ನಡೆದರು.

ನಾನು ಪಟೇಲನನ್ನು ಎತ್ತಿಕೊಂಡು ಹೋದೆ. ಯಾವತ್ತೂ ಮುಟ್ಟಲು ಬಿಡದವನು ಅಂದು ಕಂಕುಳಲ್ಲಿ ಮುದುರಿಕೊಂಡಿದ್ದ. ಉಪ್ಪು ಹಾಕಿದ್ದರಿಂದಲೋ ಏನೋ ಪಟೇಲಮ್ಮ ಅಷ್ಟೇನೂ ಕೆಟ್ಟಿರಲಿಲ್ಲ. ದೊಡ್ಡಪ್ಪ ಟವಲು ಬಿಚ್ಚಿ ಹಿಂದೆ ಸರಿದರು. ಪಟೇಲ ನೆಲಕ್ಕಿಳಿದವನೇ ಸುತ್ತ ಒಂದು ಸಲ ನಡೆದ. ಕೊಕ್ಕಿನಿಂದ ಅವಳ ಕತ್ತಿನ ಗರಿಗಳನ್ನು, ದಿನಾ ನಾಲೆಯಿಂದ ಬಂದ ಮೇಲೆ ಮಾಡುತ್ತಿದ್ದ ಹಾಗೆಯೇ, ನೀವಿದ. ಮಣ್ಣು ಉದುರಿಸಿದ. ಅವಳು ಏಳುತ್ತಾಳೇನೋ ಎಂದು ಸ್ವಲ್ಪ ಕಾದ. ಆಮೇಲೆ ಪಕ್ಕದಲ್ಲಿ ಕುಳಿತು ತನ್ನ ಕತ್ತನ್ನು ಅವಳ ಬೆನ್ನ ಮೇಲೆ ಚಾಚಿದ. ಅಜ್ಜಿಯೂ ಕುಳಿತಳು. ನಮ್ಮಲ್ಲಿ ಯಾರೂ ಅವಸರ ಮಾಡಲಿಲ್ಲ. ಬ್ಯಾರನ್ನಿನ ಬೆಂಕಿ ನೋಡಿಕೊಳ್ಳಬೇಕಾದ ದೊಡ್ಡಪ್ಪನೂ ಮಾಡಲಿಲ್ಲ. ಬಿಸಿಲು ಹೊಂಗೆಯ ಆಚೆ ಬದಿಗೆ ಸರಿದಾಗ ಪಟೇಲ ತಾನಾಗಿಯೇ ಎದ್ದ. ಹಿಂದೆ ತಿರುಗಿ ನೋಡದೆ, ನಿಧಾನವಾಗಿ, ನಾಲೆಗೆ ಇಳಿದು ನೀರು ಕುಡಿದ. ನನಗೆ ಹೋದ ಜೀವ ಬಂದಂತಾಯಿತು.

ಮತ್ತೆ ಮಣ್ಣು ಮುಚ್ಚುವಾಗ ನಾವೆಲ್ಲ ಒಂದೊಂದು ಹಿಡಿ ಹಾಕಿದೆವು. ಅಜ್ಜಿಯೂ ಹಾಕಿದಳು. ಹಾಕಿ, ಏಳದೆ, ಇನ್ನೊಂದು ಹಿಡಿ ತುಂಬಿಕೊಂಡಳು. ದೊಡ್ಡಪ್ಪ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದರು, "ಎಲ್ಲವ್ವ ಮಣ್ಣು ಮಾಡಿದ್ದು ಅವಳ್ನ?"

"ಯಾರೂ ಯೋಳ್ನಿಲ್ಲ. ಕೇಳಕ್ಕೆ ನಂಗೆ ಬಾಯಿರ್ನಿಲ್ಲ. ಈಗ ಗೊತ್ತಿದ್ದೋರು ಯಾರೂ ಇಲ್ಲ," ಅಂದಳು ಅಜ್ಜಿ. ಆಮೇಲೆ, "ಇಲ್ಲೇ ಅಂತ ಅನ್ಕತೀನಿ ಬುಡು" ಎಂದು ಆ ಹಿಡಿ ಮಣ್ಣನ್ನೂ ಅಲ್ಲೇ ಬಿಟ್ಟಳು.

ಪಟೇಲ ಮೇವಿಗೆ ಬಾಯಿ ಹಾಕಿದ. ಕೊಪ್ಪದಿಂದ ಇನ್ನೊಂದನ್ನು ಯಾರೂ ತರಲಿಲ್ಲ, ಅವನೂ ಕೇಳಲಿಲ್ಲ. ಅಜ್ಜಿಯ ಸೀರೆಯ ಅಂಚು ಹಿಡಿದುಕೊಂಡೇ ಬಹಳ ವರ್ಷ ಬದುಕಿದ. ಅವಳು ಅವರೆಕಾಯಿ ಸುಲಿಯುತ್ತ ಕುಳಿತರೆ ಇವನು ಕತ್ತೆತ್ತಿ ಕಾಯುತ್ತಿದ್ದ. ಅವಳು ಹೊಂಗೆಯ ಕಡೆ ಹೊರಟ ದಿನ ಮಾತ್ರ ಯಾರನ್ನೂ ಜೊತೆಗೆ ಕರೆಯುತ್ತಿರಲಿಲ್ಲ, ಅವನೊಬ್ಬನನ್ನು ಬಿಟ್ಟು. ಈಗ ಅಜ್ಜಿಯಿಲ್ಲ, ಪಟೇಲನಿಲ್ಲ, ಅಮ್ಮ ಬೆಳಗುತ್ತಿದ್ದ ಹಂಡೆ ಯಾರ ಪಾಲಿಗೆ ಹೋಯಿತೋ ಗೊತ್ತಿಲ್ಲ. ಬ್ಯಾರನ್ ಕೆಡವಿದ್ದಾರೆ. ಗಾಳಿಗೆ ಬಿದ್ದ ಹೊಂಗೆಯ ಬುಡವೂ ಉಳಿದಿಲ್ಲ. ನೋಡಿದವರಿಗೆ ಅದು ಬರೀ ಹೊಲ. ಈ ಸಲ ಊರಿಗೆ ಹೋದಾಗ ದೊಡ್ಡಪ್ಪ ಬದುವಿನ ಮೇಲೆ ಕೋಲೂರಿ ನಿಂತಿದ್ದರು. ಉಳಲು ಬಂದಿದ್ದ ಟ್ರ್ಯಾಕ್ಟರಿನವನು ಹೊಸಬ, ಹೊಂಗೆಯಿದ್ದ ಮೂಲೆಯವರೆಗೂ ಹೊಡೆಯಲು ತಿರುಗಿಸಿದ. ದೊಡ್ಡಪ್ಪ ಕೋಲು ಎತ್ತಿ ಅಡ್ಡ ಹಿಡಿದು ಕೂಗಿದರು:

"ಏಯ್, ಆ ಮೂಲೆ ಬುಟ್ಟು ಉಳಪ್ಪ. ನಮ್ಮಕ್ಕ ಅವ್ಳೆ ಅಲ್ಲಿ."