ಬಸ್ಸಿನವರು ನೋಡದ ಕೊನೆ

ಶನಿವಾರ, ಬೆಳಕು ಹರಿಯುವ ಹೊತ್ತು. ಶನಿವಾರಸಂತೆಯ ಸಂತೆಮಾಳದಲ್ಲಿ ತರಕಾರಿ ಮೂಟೆಗಳು ಇಳಿಯುತ್ತಿವೆ. ಪಕ್ಕದ ಹಳೆಯ ಟಾಕೀಸಿನಲ್ಲಿ ಅರವತ್ತೆಂಟರ ಆಪರೇಟರ್ ಶಾಂತಪ್ಪ ಮೊಣಕಾಲು ಹಿಡಿದುಕೊಂಡು ಕ್ಯಾಬಿನ್ನಿನ ಕಬ್ಬಿಣದ ಮೆಟ್ಟಿಲು ಹತ್ತುತ್ತಾರೆ. ಪ್ರೊಜೆಕ್ಟರಿನ ಗಾಜನ್ನು ಪಂಚೆಯ ತುಂಡಿನಿಂದ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

ಬೆಳಗಿನ ಆಟಕ್ಕೆ ಹಳೆಯ ಇಂಗ್ಲಿಷ್ ಸಿನಿಮಾ. ಕೊಲೆ, ಸುಲಿಗೆಯನ್ನೇ ಮನೆತನದ ಕಸುಬು ಮಾಡಿಕೊಂಡ ಕುಟುಂಬವೊಂದರ ಕಥೆ, ಮೂರು ಭಾಗಗಳದ್ದು. ಟಾಕೀಸಿನ ಈಗಿನ ಮಾಲೀಕ ನವೀನ್‌ಕುಮಾರ್ ವಾರಕ್ಕೊಂದು ಹಾಕುತ್ತಿದ್ದಾರೆ. ಇವತ್ತು ಎರಡನೆಯದು. ಶಾಂತಪ್ಪ ಹೆದರಿರುವುದು ಇದಕ್ಕೇ.

ಕಾರಣ, ಬಸ್ಸು. ರೀಲಿನ ಕಾಲದಲ್ಲೂ ಈ ಸಿನಿಮಾ ಇಲ್ಲಿ ಓಡಿತ್ತು. ಸಂತೆಗೆ ಬಂದ ಹಳ್ಳಿಯವರು ಸಂಜೆ ಆಟ ನೋಡಿ ಕೊನೆಯ ಬಸ್ಸು ಹಿಡಿಯುವುದು ವಾಡಿಕೆ. ಕಂಡಕ್ಟರ್ ಬಾಗಿಲಿಗೆ ಬಂದು ಸೀಟಿ ಊದಿದರೆ ಅರ್ಧ ಟಾಕೀಸು ಎದ್ದು ಹೋಗುತ್ತಿತ್ತು. ದ್ರೋಹ ಮಾಡಿದ ಅಣ್ಣನನ್ನು ತಮ್ಮ ಅಪ್ಪಿಕೊಳ್ಳುವ ಹೊತ್ತಿಗೆ ಸೀಟಿ ಬೀಳುತ್ತಿತ್ತು. ಆಮೇಲೆ ಅದೇ ತಮ್ಮ ಅಣ್ಣನನ್ನು ಕೊಲ್ಲಿಸುವುದನ್ನು ಬಸ್ಸಿನವರು ನೋಡಲೇ ಇಲ್ಲ. ಕೊಡ್ಲಿಪೇಟೆ ಕಡೆ ಇವತ್ತಿಗೂ ಅದು ಅಣ್ಣತಮ್ಮಂದಿರು ಒಂದಾದ ಸಿನಿಮಾ.

ಹಾಗೆ ಎದ್ದು ಹೋದವರಲ್ಲಿ ಶಾಂತಪ್ಪನವರ ಅಣ್ಣ ಬೋಜಪ್ಪ ಒಬ್ಬರು. ಅದಕ್ಕೂ ಮೊದಲು ಗದ್ದೆಗೆ ಬರುವ ನೀರನ್ನು ತಮ್ಮನಿಗೆ ಹೇಳದೆ ಪಕ್ಕದವರಿಗೆ ಬಿಟ್ಟುಕೊಟ್ಟಿದ್ದರು. ಇಬ್ಬರ ನಡುವೆ ಮಾತಿರಲಿಲ್ಲ. ಸಿನಿಮಾ ನೋಡಿದ ಮುಂದಿನ ಶನಿವಾರ ರಾಜಿಗೆಂದು ವೀಳ್ಯದೆಲೆ ಕಟ್ಟು ಹಿಡಿದು ಕ್ಯಾಬಿನ್ನಿಗೇ ಬಂದರು.

"‘ಅಂಥಾ ರೌಡಿನೇ ಅಣ್ಣನ್ನ ತಬ್ಕಂಡ, ನೀನು ಅವನಿಗಿಂತ ದೊಡ್ಡ ರೌಡಿಯೇನ್ಲಾ’ ಅಂದ. ನಾನು ಎಲೆ ಹಾಕ್ಕಂಡೆ. ಕೊನೆ ಹೆಂಗೆ ಹೇಳಾದು?" ಎನ್ನುತ್ತಾರೆ ಶಾಂತಪ್ಪ. "ಇವತ್ತು ಆಟ ಮಧ್ಯಾಹ್ನಕ್ಕೇ ಮುಗೀತದೆ, ಬಸ್ಸಿಗೆ ಯಾರೂ ಏಳಲ್ಲ. ಅವ್ನೂ ಬತ್ತಾನೆ. ಇಷ್ಟು ವರ್ಷ ಮುಚ್ಚಿಟ್ಯಲ್ಲೋ ಅಂದ್ರೆ?"

ಇದನ್ನು ನಮ್ಮ ವಾರಪತ್ರಿಕೆಗೆ ಬರೆಯಬಹುದೇ ಎಂದು ಎರಡು ಸಲ ಕೇಳುತ್ತೇನೆ. "ನಿಮ್ಮ ಪೇಪರ್ ಬರಾದು ಮುಂದಿನ ವಾರ ಅಲ್ವಾ. ಅಷ್ಟೊತ್ತಿಗೆ ಅವ್ನಿಗೂ ಗೊತ್ತಾಗಿರ್ತದೆ, ಬರ್ಕಳಿ."

ತಿಂಡಿ ಡಬ್ಬಿ ತಂದ ಪತ್ನಿ ವಿಮಲಮ್ಮ ಅದನ್ನು ಸದ್ದಾಗುವಂತೆ ಇಡುತ್ತಾರೆ. "ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಯಾವುದೋ ಇಂಗ್ಲಿಷ್ ರೌಡಿ ಸಾಯಾದಿಕ್ಕೆ ಇವ್ರು ಉಪವಾಸ."

ನಲವತ್ತು ವರ್ಷ ಇದೇ ಕ್ಯಾಬಿನ್ನು. ರೀಲು ಸುಟ್ಟ ಗುರುತು ಅಂಗೈಯಲ್ಲಿ ಉಳಿದಿದೆ. ಈಗೆಲ್ಲ ಕಂಪ್ಯೂಟರ್ ಪೆಟ್ಟಿಗೆ. ಕರೆಂಟ್ ಹೋದರೆ ಇಳಿದು ಜನರೇಟರ್ ಹಾಕಿ ಮತ್ತೆ ಹತ್ತಬೇಕು. ಶಾಂತಪ್ಪನವರಿಗೆ ಸಾಕಾಗಿದೆ. "ಬೇರೆಯವ್ರು ಸಿಕ್ಕಿಲ್ಲ, ಬತ್ತೀನಿ" ಎನ್ನುತ್ತಾರೆ.

ಆಟ ಶುರುವಾಗುತ್ತದೆ. ಜನ ಹೆಚ್ಚಿಲ್ಲ. ಬೋಜಪ್ಪ ಮೂರನೇ ಸಾಲಿನಲ್ಲಿ, ಕೊಡೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಪರದೆಯ ಮೇಲೆ ತಮ್ಮ ಅಣ್ಣನನ್ನು ಅಪ್ಪಿಕೊಳ್ಳುತ್ತಾನೆ. ಸೀಟಿ ಇಲ್ಲ, ಆದರೂ ಬೋಜಪ್ಪ ಎದ್ದು ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಕಬ್ಬಿಣದ ಮೆಟ್ಟಿಲು ಸದ್ದು ಮಾಡುತ್ತದೆ.

"ಯಾಕಣ್ಣ, ಕೊನೆ ನೋಡಲ್ವಾ?" ಶಾಂತಪ್ಪ ತಿರುಗಿ ನೋಡದೆ ಕೇಳುತ್ತಾರೆ.

"ಗೊತ್ತು ಕಣ್ಲಾ. ಅವತ್ತು ಬಸ್ಸಲ್ಲೇ ಕಂಡಕ್ಟರ್ ನಂಗೊಬ್ಬಂಗೆ ಹೇಳಿದ್ದ, ಕೊಲ್ಲಿಸ್ತಾನೆ ಅಂತ." ಬೋಜಪ್ಪ ಏದುಸಿರು ಬಿಡುತ್ತಾ ಗೋಡೆಗೊರಗುತ್ತಾರೆ. "ಗೊತ್ತಿದ್ದೇ ಎಲೆ ತಂದಿದ್ದು."

ಶಾಂತಪ್ಪ ಎದ್ದು ತಾವು ಕೂತಿದ್ದ ಸ್ಟೂಲನ್ನು ಅಣ್ಣನತ್ತ ತಳ್ಳುತ್ತಾರೆ.

"ಕೂತ್ಕೋ. ಬಸ್ಸಿಗೆ ಇನ್ನೂ ಹೊತ್ತದೆ."