ನೀಲಿ ಗೆರೆ ನಿಂತ ಜಾಗ

ಇದನ್ನು ಬರೆಯಬೇಕೆಂದು ಕೂತು, ಕನ್ನಡಕ ಒರೆಸಿಕೊಂಡು ಎದ್ದು ಹೋದದ್ದು ಎಷ್ಟು ಸಲವೋ. ಇವತ್ತು ಏಳುವುದಿಲ್ಲ.

ಬೆಟ್ಟ ಹತ್ತುವ ಚಟ ಬಿಟ್ಟ ಮೇಲೆ ಅಳಿಯ ತನ್ನ ಜಿಪಿಎಸ್ ಯಂತ್ರವನ್ನು ನನಗೆ ಕೊಟ್ಟ. ಅಂಗೈಯಗಲದ್ದು. ನಾನು ನಿಂತ ಜಾಗ ಅದರಲ್ಲಿ ಬಾಣದ ಗುರುತಾಗಿ ಕಾಣುತ್ತಿತ್ತು. ಸುತ್ತ ಬರೀ ಬಿಳಿ. ಮ್ಯಾಪನ್ನು ಬೇರೆ ಹಾಕಿಕೊಳ್ಳಬೇಕು, ಬಿಟ್ಟಿ ಸಿಗುತ್ತದೆ ಎಂದ. ಮದ್ದೂರಿನ ಸೈಬರ್ ಸೆಂಟರಿನಲ್ಲಿ ಮೂರು ದಿನ ಕೂತೆ. ಒಂದು ಫೈಲು ತೆರೆಯಲೇ ಇಲ್ಲ. ಇನ್ನೊಂದರಲ್ಲಿ ಯಾವುದೋ ದೇಶದ ಸಮುದ್ರ. ಮೂರನೆಯದನ್ನು ಹಾಕಿದಾಗ ಮಳವಳ್ಳಿ ರಸ್ತೆ ಬಂತು, ನಮ್ಮೂರು ಬಂತು, ಗದ್ದೆಬಯಲಿನ ಕಾಲುವೆಯೂ ನೀಲಿ ಗೆರೆಯಾಗಿ ಬಂತು. ಆ ಗೆರೆ ನನ್ನ ಬದುವಿನಲ್ಲಿ ನಿಂತುಬಿಟ್ಟಿತ್ತು. ಅದರಾಚೆ ತಂಗಿಯ ಗದ್ದೆ, ಮದುವೆಯಲ್ಲಿ ಅಪ್ಪ ಅರಿಶಿನ ಕುಂಕುಮಕ್ಕೆಂದು ಅವಳಿಗೆ ಕೊಟ್ಟದ್ದು.

ಕಾಲುವೆ ಮಾತ್ರ ಕಣ್ಣೆದುರೇ ಅವಳ ಗದ್ದೆಗೂ ಹರಿಯುತ್ತಿತ್ತು. ಯಂತ್ರ ನೋಡುತ್ತಿದ್ದೆ, ನೀರು ನೋಡುತ್ತಿದ್ದೆ, ಯಾವುದು ನಿಜವೆಂದು ತಿಳಿಯಲಿಲ್ಲ. ಸರ್ವೆಯವರೂ ಇಂಥದ್ದೇ ಹಿಡಿದು ಅಳೆದದ್ದನ್ನು ಕಂಡಿದ್ದೆ. ಇದು ಸರ್ಕಾರದ ನಕ್ಷೆಯೇ ಇರಬೇಕು ಎಂದುಕೊಂಡೆ. ಆ ಸಲ ನಾಲೆಗೆ ನೀರು ಕಡಿಮೆ ಬಿಟ್ಟಿದ್ದರು. ಸರ್ಕಾರದ ನಕ್ಷೆ ಎಂದುಕೊಳ್ಳುವುದು ನನಗೆ ಅನುಕೂಲವೂ ಆಗಿತ್ತು. ಅವಳ ನೀರಿನ ಸರದಿಯ ದಿನ ಕಾಲುವೆಗೆ ಬಾಳೆದಿಂಡು ಅಡ್ಡವಿಟ್ಟು ಮಣ್ಣು ಮೆತ್ತಿದೆ.

ತಂಗಿ ಗುದ್ದಲಿ ಹಿಡಿದು ಬಂದಳು.

"ಇದ್ಯಾಕಣ್ಣ ಕಟ್ಟಿದ್ದೀಯೆ? ಇವತ್ತು ನನ್ ಸರದಿ."

"ಮ್ಯಾಪಲ್ಲಿ ನಿನ್ ಗದ್ದೆಗೆ ಕಾಲುವೆನೇ ಇಲ್ಲ ಕಣಮ್ಮ. ನೋಡು."

ಅವಳು ನೋಡಲಿಲ್ಲ. "ಇಷ್ಟ್ ವರ್ಸ ಇದ್ರಲ್ಲಿ ಅರಿದಿದ್ದೇನು, ನಿನ್ ಬೆವರಾ? ಅಪ್ಪನ್ ಜೊತೆ ಇದನ್ನ ಅಗೆದೋನು ನೀನೇ ಅಲ್ವಾ?"

"ಅದೆಲ್ಲ ಬುಡು. ಮಿಸೀನು ಸುಳ್ಳೇಳಾಕಿಲ್ಲ."

"ಸರಿ ಕಣಣ್ಣ. ಇನ್ಮೇಲೆ ಗೌರಿ ಹಬ್ಬಕ್ಕೆ ಬಾಗಿನನೂ ಆ ಮಿಸೀನಿಗೇ ಕೊಡು."

ಗುದ್ದಲಿ ಹೆಗಲಿಗಿಟ್ಟು ಹೊರಟಳು. ಒಂದು ಹಿಡಿ ಮಣ್ಣನ್ನೂ ಕೀಳಲಿಲ್ಲ. ನಾನೂ ದಿಂಡು ತೆಗೆಯಲಿಲ್ಲ. ಅವಳ ನಾಟಿ ಒಣಗಿತು. ಮರುವರ್ಷ ಗದ್ದೆಯನ್ನು ಬೀಳುಬಿಟ್ಟು, ಮಂಡ್ಯದ ಗುತ್ತಲಿನಲ್ಲಿರುವ ಮಗಳ ಮನೆ ಸೇರಿದಳು.

ಆಮೇಲೊಂದು ದಿನ ಸೈಬರ್ ಸೆಂಟರಿನವನಿಗೆ ಆ ಗೆರೆ ತೋರಿಸಿದೆ. ಅವನು ನಕ್ಕ. "ಬಿಟ್ಟಿ ಮ್ಯಾಪು ಯಾರು ಬೇಕಾದ್ರೂ ಬರೀಬೋದು ಯಜಮಾನ್ರೆ. ಯಾರೋ ನಿಮ್ ಬದುಗಂಟ ಎಳೆದು ಸಾಕಾಗಿ ಬುಟ್ಟವ್ರೆ."

ಅವತ್ತೇ ಅವನ ಕೈಲಿ ಗೆರೆಯನ್ನು ಅವಳ ಗದ್ದೆಯವರೆಗೂ ಎಳೆಸಿದೆ. ಊರಿಗೆ ಬಂದು ಕೊಳೆತ ದಿಂಡನ್ನೂ ಮಣ್ಣನ್ನೂ ಕಿತ್ತೆ. ನೀರು ಹೋಯಿತು, ಹುಲ್ಲು ಬೆಳೆದ ಗದ್ದೆಗೆ. ತಪ್ಪಾಯಿತೆಂದು ಹೆಂಡತಿಗೆ ಹೇಳಿದ್ದೇನೆ, ಅಳಿಯನಿಗೆ ಹೇಳಿದ್ದೇನೆ, ಅರಳಿಕಟ್ಟೆಯಲ್ಲಿ ಕೂರುವವರಿಗೂ ಹೇಳಿದ್ದೇನೆ. ಗುತ್ತಲಿನ ಬಸ್ಸು ಹತ್ತಿಲ್ಲ. ಹೇಳದೆ ಉಳಿದಿರುವುದು ಒಬ್ಬಳಿಗೆ, ನನ್ನ ತಂಗಿಗೆ.